ಬಿದ್ದು ಬಿರುಕುಬಿಟ್ಟ ಆಮೆಯ ಚಿಪ್ಪು: ಆರೈಕೆ ಮತ್ತು ಚಿಕಿತ್ಸೆ

ಮಹಾನಗರಗಳ ವಸತಿಗೃಹಗಳಲ್ಲಿ ಪ್ರಾಣಿಗಳನ್ನು ಸಾಕುವ ಆಸೆ ಇರುವಷ್ಟು ಅನುಕೂಲ ಇರುವುದಿಲ್ಲ. ಊರಿನ ಮನೆಯ ಹಿತ್ತಿಲಲ್ಲಿ ದನಕರು, ನಾಯಿ, ಬೆಕ್ಕುಗಳ ಒಡನಾಟದಲ್ಲಿ ಬೆಳೆದವರು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಎರಡು ಕೋಣೆಗಳ ಮನೆಗೆ ಬಂದು ನೆಲೆಸಿದ ಮೇಲೆ, ಮಕ್ಕಳ ಹಟಕ್ಕೆ ಮಣಿದು ಒಂದು ಗಾಜಿನ ತೊಟ್ಟಿಯನ್ನೂ ಅದರಲ್ಲಿ ಒಂದು ಪುಟ್ಟ ಆಮೆಯನ್ನೂ ತರುವುದುಂಟು. ಆಮೆ ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ನೆರೆಹೊರೆಯವರ ತಕರಾರಿಗೆ ಎಡೆಗೊಡುವುದಿಲ್ಲ. ಕೂರ್ಮಾವತಾರದ ನೆನಪಿನಿಂದ ಅದು ಮನೆಗೆ ಶುಭವೆಂದು ನಂಬುವವರೂ ಇದ್ದಾರೆ. ಹೀಗೆ ಬಂದ ಪ್ರಾಣಿ ಒಂದು ದಿನ ಮಗುವಿನ ಕೈಯಿಂದ ಜಾರಿಯೋ, ಬಾಲ್ಕನಿಯ ಅಂಚಿನಿಂದ ಉರುಳಿಯೋ ಗಟ್ಟಿ ನೆಲಕ್ಕೆ ಬೀಳುತ್ತದೆ. ಚಿಪ್ಪು ಬಿರುಕು ಬಿಡುತ್ತದೆ.

ಇಂಥ ಸಂದರ್ಭದಲ್ಲಿ ಮನೆಮಂದಿಯಲ್ಲಿ ಸಾಮಾನ್ಯವಾಗಿ ಎರಡು ತಪ್ಪು ತಿಳಿವಳಿಕೆಗಳು ಕಂಡುಬರುತ್ತವೆ. ಚಿಪ್ಪು ಉಗುರಿನಂತೆ ಜಡವಾದ ವಸ್ತು, ಒಡೆದ ಪಾತ್ರೆಗೆ ಅಂಟು ಹಾಕುವಂತೆ ಅದಕ್ಕೂ ಅಂಟು ಹಾಕಿ ನೀರಿಗೆ ಬಿಟ್ಟರೆ ಸಾಕು ಎಂಬುದು ಮೊದಲನೆಯದು. ಚಿಪ್ಪೊಡೆದ ಆಮೆ ಬದುಕುವುದೇ ಇಲ್ಲ, ಚಿಕಿತ್ಸೆಯಿಂದ ಫಲವಿಲ್ಲ ಎಂಬುದು ಎರಡನೆಯದು. ಇವೆರಡೂ ನಿಜವಲ್ಲ. ಚಿಪ್ಪು ಜೀವಂತ ಮೂಳೆ. ಅದರ ಬಿರುಕೆಂದರೆ ಮೂಳೆ ಮುರಿತವೂ ಹೌದು, ತೆರೆದ ಗಾಯವೂ ಹೌದು. ಸಕಾಲದಲ್ಲಿ ಸರಿಯಾದ ಉಪಚಾರ ದೊರೆತರೆ ಎಷ್ಟೋ ಆಮೆಗಳು ಭಾರಿ ಪೆಟ್ಟಿನಿಂದಲೂ ಚೇತರಿಸಿಕೊಳ್ಳುತ್ತವೆ. ಬೀಳುವಿಕೆಯಿಂದ ಉಳಿದ ಪ್ರಾಣವು ಮನೆಯವರ ಅವಸರದ ಅಂಟಿನಿಂದಲೋ ತೊಟ್ಟಿಯ ಕೊಳೆನೀರಿನಿಂದಲೋ ಹೋಗಬಾರದು. ಆದುದರಿಂದ ಆಮೆ ಸಾಕಿದವರೆಲ್ಲರೂ ಈ ವಿಷಯವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಚಿಪ್ಪಿನ ರಚನೆ

ಆಮೆ ತನ್ನ ಚಿಪ್ಪಿನೊಳಗೆ ಮನೆಯಲ್ಲಿ ಇರುವಂತೆ ವಾಸಿಸುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಶಂಖದ ಹುಳುವಿನಂತೆ ಬೇರ್ಪಡಿಸಬಹುದಾದ ಹೊದಿಕೆ ಇದಲ್ಲ. ಆಮೆಯ ಬೆನ್ನೆಲುಬೂ ಪಕ್ಕೆಲುಬುಗಳೂ ಅಗಲವಾಗಿ ಹರಡಿ ಒಂದಕ್ಕೊಂದು ಬೆಸೆದುಕೊಂಡೇ ಮೇಲಿನ ಚಿಪ್ಪು ಉಂಟಾಗಿದೆ. ಹೊಟ್ಟೆಯ ಕೆಳಗಿನ ಚಪ್ಪಟೆಯಾದ ಚಿಪ್ಪು ಎರಡನೆಯದು. ಎರಡನ್ನೂ ಇಕ್ಕೆಲಗಳಲ್ಲಿ ಮೂಳೆಯ ಸೇತುವೆ ಕೂಡಿಸುತ್ತದೆ. ಒಟ್ಟು ಸುಮಾರು 50ರಿಂದ 60 ಮೂಳೆಗಳು ಸೇರಿ ಈ ಕವಚವಾಗಿದೆ. ಇದರಲ್ಲಿ ರಕ್ತ ಹರಿಯುತ್ತದೆ, ನರಗಳಿವೆ. ಚಿಪ್ಪನ್ನು ಮೆಲ್ಲನೆ ಮುಟ್ಟಿದರೂ ಆಮೆಗೆ ತಿಳಿಯುತ್ತದೆ, ಒಡೆದರೆ ನೋವಾಗುತ್ತದೆ. ಕೂಗಲು ಬಾರದ ಪ್ರಾಣಿಯಾದುದರಿಂದ ಆ ನೋವು ನಮ್ಮ ಗಮನಕ್ಕೆ ಬರುವುದಿಲ್ಲ, ಅಷ್ಟೆ.

ಮೂಳೆಯ ಮೇಲ್ಭಾಗದಲ್ಲಿ, ನಮ್ಮ ಉಗುರು ಯಾವ ದ್ರವ್ಯದಿಂದ ಆಗಿದೆಯೋ ಅದೇ ಕೆರಟಿನ್ ಎಂಬ ದ್ರವ್ಯದ ತೆಳು ಫಲಕಗಳು ಹೊದೆದಿರುತ್ತವೆ. ಚಿಪ್ಪಿನ ಮೇಲೆ ಕಾಣುವ ಚೌಕಳಿಗಳು ಈ ಫಲಕಗಳೇ. ಫಲಕಗಳ ನಡುವಿನ ಗೆರೆಗಳೂ ಕೆಳಗಿನ ಮೂಳೆಗಳ ಸಂದುಗಳೂ ಒಂದೇ ಸ್ಥಳದಲ್ಲಿ ಬರುವುದಿಲ್ಲ. ಜಾಣ ಗಾರೆಯವನು ಗೋಡೆ ಕಟ್ಟುವಾಗ ಮೇಲಿನ ಸಾಲಿನ ಇಟ್ಟಿಗೆಯನ್ನು ಕೆಳಗಿನ ಸಾಲಿನ ಸಂದಿನ ಮೇಲೆ ಇಡುವಂತೆ, ಪ್ರಕೃತಿಯೂ ಸಂದುಗಳನ್ನು ತಪ್ಪಿಸಿ ಜೋಡಿಸಿದೆ. ಚಿಪ್ಪಿನ ಬಲಕ್ಕೆ ಇದೊಂದು ಕಾರಣ. ನೀರಿನ ಆಮೆಗಳು ಬೆಳೆಯುವಾಗ ಹಳೆಯ ಫಲಕಗಳು ತೆಳ್ಳಗಿನ, ಅರೆಪಾರದರ್ಶಕವಾದ ಹಾಳೆಗಳಾಗಿ ಕಳಚಿಬೀಳುವುದು ಸಹಜ. ಅದನ್ನು ಗಾಯವೆಂದು ತಿಳಿದು ಗಾಬರಿಪಡಬೇಕಾಗಿಲ್ಲ.

ಮೇಲಿನ ಚಿಪ್ಪಿನ ಒಳಮೈಗೆ ಅಂಟಿದಂತೆಯೇ ಶ್ವಾಸಕೋಶಗಳಿವೆ. ಆದುದರಿಂದ ಬೆನ್ನಿನ ಚಿಪ್ಪು ಆಳವಾಗಿ ಒಡೆದರೆ ಪೆಟ್ಟು ನೇರವಾಗಿ ಶ್ವಾಸಕೋಶವನ್ನು ತಾಕುತ್ತದೆ. ಆದರೆ ಇಲ್ಲಿ ಪ್ರಕೃತಿಯ ಒಂದು ಕೃಪೆಯೂ ಉಂಟು. ಮನುಷ್ಯನ ಎದೆಗೂಡಿಗೆ ತೂತು ಬಿದ್ದರೆ ಶ್ವಾಸಕೋಶ ಕುಸಿದು ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ಒದಗಬಹುದು. ಆಮೆಯ ಉಸಿರಾಟವು ಪಕ್ಕೆಲುಬುಗಳ ಏರಿಳಿತವನ್ನಾಗಲಿ ನಮ್ಮಲ್ಲಿರುವಂಥ ವಪೆಯನ್ನಾಗಲಿ ನಂಬಿಲ್ಲ. ಕಾಲುಗಳ ಬುಡದ ಹಾಗೂ ಹೊಟ್ಟೆಯ ಸ್ನಾಯುಗಳು ಆ ಕೆಲಸವನ್ನು ಮಾಡುತ್ತವೆ. ಆದಕಾರಣ ಚಿಪ್ಪು ತೆರೆದುಕೊಂಡಿದ್ದರೂ ಆಮೆ ಉಸಿರಾಡುತ್ತಲೇ ಇರಬಲ್ಲದು. ವೈದ್ಯರ ಬಳಿಗೆ ಹೋಗಲು ಮನೆಯವರಿಗೆ ದೊರೆಯುವ ಅವಕಾಶ ಇದೇ.

ಗಾಯದ ತೀವ್ರತೆ

ಎಲ್ಲ ಬಿರುಕುಗಳೂ ಒಂದೇ ತೆರನಲ್ಲ. ಸ್ಥೂಲವಾಗಿ ಮೂರು ಬಗೆಗಳನ್ನು ಗುರುತಿಸಬಹುದು.

ಮೇಲಿನ ಫಲಕ ಮಾತ್ರ ತರಚಿರುವುದು ಅಥವಾ ಅಂಚಿನಲ್ಲಿ ಚಕ್ಕೆ ಎದ್ದಿರುವುದು ಮೊದಲನೆಯ ಬಗೆ. ಇದರಲ್ಲಿ ರಕ್ತ ಕಾಣುವುದಿಲ್ಲ, ಒತ್ತಿದರೆ ಭಾಗಗಳು ಅಲುಗಾಡುವುದಿಲ್ಲ. ಬಿರುಕು ಮೂಳೆಯವರೆಗೆ ಇಳಿದಿದ್ದು, ತುಣುಕುಗಳು ಸ್ಥಾನ ಬಿಟ್ಟು ಕದಲದೆ ಇರುವುದು ಎರಡನೆಯದು. ಗೆರೆಯ ಉದ್ದಕ್ಕೂ ರಕ್ತವೋ ನಸುಗೆಂಪು ತೇವವೋ ಕಾಣುತ್ತದೆ. ತುಣುಕುಗಳು ಒಳಕ್ಕೆ ಕುಸಿದಿರುವುದು, ಅಲುಗಾಡುವುದು, ಒಂದು ಭಾಗವೇ ಕಿತ್ತುಬಂದಿರುವುದು ಅಥವಾ ಒಳಗಿನ ಅಂಗಾಂಶ ಕಾಣುವುದು ಮೂರನೆಯದು. ಇದು ಅತ್ಯಂತ ಗಂಭೀರವಾದ ಸ್ಥಿತಿ.

ಇವಲ್ಲದೆ ಕೆಲವು ಲಕ್ಷಣಗಳನ್ನು ವಿಶೇಷವಾಗಿ ಗಮನಿಸಬೇಕು. ಮೂಗು ಅಥವಾ ಬಾಯಿಯಿಂದ ರಕ್ತ ಬರುತ್ತಿದ್ದರೆ, ಬಿರುಕಿನಲ್ಲಿ ಗುಳ್ಳೆಗಳೇಳುತ್ತಿದ್ದರೆ ಶ್ವಾಸಕೋಶಕ್ಕೆ ಪೆಟ್ಟಾಗಿದೆಯೆಂದು ತಿಳಿಯಬೇಕು. ಬಿರುಕು ಬೆನ್ನಿನ ನಟ್ಟನಡುವೆ ಇದ್ದು ಹಿಂಗಾಲುಗಳನ್ನು ಎಳೆಯುತ್ತಿದ್ದರೆ ಬೆನ್ನುಹುರಿಗೆ ಹಾನಿಯಾಗಿರುವ ಸಂಭವವಿದೆ. ಇಂಥ ಪ್ರಕರಣಗಳಲ್ಲಿ ಚೇತರಿಕೆಯ ಆಸೆ ಕಡಿಮೆ. ಹೆಣ್ಣಾಮೆಯಾದರೆ ಒಳಗಿನ ಮೊಟ್ಟೆಗಳೂ ಒಡೆದಿರಬಹುದು.

ಮನೆಯವರು ಮೋಸಹೋಗುವ ಸಂದರ್ಭವೊಂದುಂಟು. ಬಿದ್ದ ಮರುದಿನ ಆಮೆ ಎಂದಿನಂತೆ ತಲೆ ಚಾಚಿ ಆಹಾರಕ್ಕೆ ಬಾಯಿ ತೆರೆಯಬಹುದು. ಇದನ್ನು ನೋಡಿ ‘ಏನೂ ಆಗಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವುದು ಸಲ್ಲದು. ಆಮೆ ಶೀತರಕ್ತ ಪ್ರಾಣಿ. ಅದರ ದೇಹದ ವ್ಯಾಪಾರಗಳೆಲ್ಲ ನಿಧಾನ. ಗುಣವಾಗುವುದು ನಿಧಾನವಾದಂತೆ ಕೆಡುವುದೂ ನಿಧಾನವೇ. ಬಿರುಕಿನೊಳಗೆ ಸೇರಿದ ರೋಗಾಣುಗಳು ವಾರಗಳ ಕಾಲ ಒಳಗೊಳಗೇ ಹರಡಿ, ಮನೆಯವರು ಬೀಳುವಿಕೆಯನ್ನೇ ಮರೆತಿರುವ ಹೊತ್ತಿಗೆ ಪ್ರಾಣಿಯನ್ನು ಕೊಲ್ಲಬಹುದು. ಆದುದರಿಂದ ಫಲಕದ ತರಚುಗಾಯವೊಂದನ್ನು ಬಿಟ್ಟು ಉಳಿದ ಎಲ್ಲ ಸಂದರ್ಭಗಳಲ್ಲಿ ಪಶುವೈದ್ಯರ ಪರೀಕ್ಷೆ ಅವಶ್ಯ. ಸಂದೇಹವಿದ್ದರೆ ತರಚುಗಾಯವನ್ನೂ ತೋರಿಸುವುದೇ ಕ್ಷೇಮ.

ಪ್ರಥಮ ಚಿಕಿತ್ಸೆ

ವೈದ್ಯರನ್ನು ತಲಪುವವರೆಗೆ ಮನೆಯವರು ಮಾಡಬೇಕಾದ ಕೆಲಸಗಳು ಕೆಲವೇ. ಆದರೆ ಅವನ್ನು ಕ್ರಮವಾಗಿ ಮಾಡಬೇಕು.

1. ಆಮೆಯನ್ನು ಎರಡೂ ಕೈಗಳಿಂದ, ಪೆಟ್ಟಾಗದ ಭಾಗವನ್ನು ಹಿಡಿದು, ಶುಭ್ರವಾದ ಬಟ್ಟೆಯ ಮೇಲಿಡಬೇಕು. ಬೆನ್ನ ಮೇಲೆ ಮಗುಚಿ ಹಾಕಬಾರದು. ಹಾಗೆ ಮಾಡಿದರೆ ಒಳಗಿನ ಅಂಗಗಳ ಭಾರ ಶ್ವಾಸಕೋಶದ ಮೇಲೆ ಬೀಳುತ್ತದೆ.

2. ರಕ್ತ ಸುರಿಯುತ್ತಿದ್ದರೆ ಔಷಧದ ಅಂಗಡಿಯಲ್ಲಿ ದೊರೆಯುವ ಶುದ್ಧವಾದ ಗಾಜ್ ಬಟ್ಟೆಯನ್ನು ಗಾಯದ ಮೇಲಿಟ್ಟು ಐದರಿಂದ ಹತ್ತು ನಿಮಿಷ ಹಗುರವಾಗಿ ಒತ್ತಿ ಹಿಡಿಯಬೇಕು. ಅಲುಗಾಡುವ ತುಣುಕುಗಳಿದ್ದರೆ ಅವನ್ನು ಒಳಕ್ಕೆ ಅದುಮಬಾರದು.

3. ಬಿರುಕು ಆಳವಿಲ್ಲದಿದ್ದರೆ ಸಲೈನ್ ದ್ರವದಿಂದ ಮೆಲ್ಲಗೆ ತೊಳೆದು ಮಣ್ಣು, ಕಸಗಳನ್ನು ತೆಗೆಯಬಹುದು. ಪೊವಿಡೋನ್ ಅಯೋಡಿನ್ ದ್ರವವನ್ನು ತಿಳಿಚಹದ ಬಣ್ಣ ಬರುವಷ್ಟು ನೀರಿನಲ್ಲಿ ತೆಳುವಾಗಿಸಿ ಬಳಸುವುದೂ ವಾಡಿಕೆಯಲ್ಲಿದೆ. ಆದರೆ ಚಿಪ್ಪಿಗೆ ತೂತು ಬಿದ್ದು ಒಳಭಾಗ ಕಾಣುತ್ತಿದ್ದರೆ ಯಾವ ದ್ರವವನ್ನೂ ಸುರಿಯಕೂಡದು. ಅದು ಶ್ವಾಸಕೋಶದೊಳಗೆ ಇಳಿಯಬಹುದು. ಸಲೈನಿನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯನ್ನು ಮೇಲೆ ಮುಚ್ಚಿದರೆ ಸಾಕು.

4. ಗಾಯದ ಮೇಲೆ ಗಾಜ್ ಬಟ್ಟೆ ಹೊದಿಸಿ, ಗಾಳಿಯಾಡುವ ವೈದ್ಯಕೀಯ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು. ಕಾಲುಗಳ ಚಲನೆಗೆ ಅಡ್ಡಿಯಾಗಬಾರದು. ಆ ಚಲನೆಯೇ ಆಮೆಯ ಉಸಿರಾಟಕ್ಕೆ ನೆರವು ಎಂಬುದನ್ನು ಮರೆಯಬಾರದು.

5. ಕಳಚಿ ಬಿದ್ದ ಚಿಪ್ಪಿನ ತುಣುಕುಗಳನ್ನು ಎಸೆಯದೆ ಸಲೈನಿನಿಂದ ತೇವ ಮಾಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ ವೈದ್ಯರಿಗೆ ಒಪ್ಪಿಸಬೇಕು. ಕೆಲವೊಮ್ಮೆ ಅವನ್ನು ಮತ್ತೆ ಜೋಡಿಸಲು ಸಾಧ್ಯವಾಗುತ್ತದೆ.

6. ಗಾಳಿಗೆ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಒಣ ಟವಲು ಹಾಸಿ ಆಮೆಯನ್ನು ಇಡಬೇಕು. ಕತ್ತಲು, ನಿಶ್ಶಬ್ದ, ಹಿತವಾದ ಬೆಚ್ಚಗು ಬೇಕು. ಸುಮಾರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಸಾಕು. ಹವಾನಿಯಂತ್ರಣ ಯಂತ್ರವಿರುವ ಕೋಣೆ ಬೇಡ, ಉರಿಬಿಸಿಲೂ ಬೇಡ.

7. ನೀರಿನ ಆಮೆಯಾದರೂ ತೊಟ್ಟಿಗೆ ಮರಳಿ ಬಿಡಬಾರದು. ಇದು ಅತ್ಯಂತ ಮುಖ್ಯ. ನೀರಿನ ಆಮೆ ಮೀನಲ್ಲ. ಅದು ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಒಂದೆರಡು ದಿನ ಹೊರಗಿದ್ದರೆ ಅದಕ್ಕೆ ಅಪಾಯವಿಲ್ಲ. ತೊಟ್ಟಿಯ ನೀರಿನಲ್ಲಾದರೋ ಅದರ ಮಲಮೂತ್ರ, ಉಳಿದ ಆಹಾರ ಮತ್ತು ಅಸಂಖ್ಯ ರೋಗಾಣುಗಳು ತುಂಬಿರುತ್ತವೆ.

8. ನೊಣಗಳು ಗಾಯದ ಮೇಲೆ ಕೂರದಂತೆ ಪೆಟ್ಟಿಗೆಗೆ ಸೊಳ್ಳೆಪರದೆಯ ಬಟ್ಟೆ ಹೊದಿಸಬೇಕು. ಮಳೆಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ನೊಣಗಳು ಮೊಟ್ಟೆಯಿಟ್ಟು, ಮುಂದೆ ಗಾಯದಲ್ಲಿ ಹುಳುವಾಗುತ್ತದೆ.

ಅಲುಗಾಡದೆ ಬಿದ್ದಿರುವ ಆಮೆಯನ್ನು ಸತ್ತಿತೆಂದು ಮನೆಯಲ್ಲೇ ನಿರ್ಣಯಿಸಬಾರದು. ಸರೀಸೃಪಗಳ ಉಸಿರು ಬಹಳ ಹೊತ್ತು ನಿಂತಂತೆ ಕಾಣಬಹುದು. ಹೃದಯದ ಬಡಿತವೂ ಬಹಳ ಮೆಲ್ಲಗಾಗಬಹುದು. ಆ ತೀರ್ಮಾನವನ್ನು ವೈದ್ಯರಿಗೆ ಬಿಡುವುದು ಯುಕ್ತ.

ಮಾಡಬಾರದ ಕೆಲಸಗಳು

ಕೈ ಕೊಯ್ದುಕೊಂಡಾಗ ಅಡಿಗೆಮನೆಯ ಅರಿಸಿನವನ್ನೋ ಕಾಫಿಪುಡಿಯನ್ನೋ ಮೆತ್ತುವುದು ನಮ್ಮ ಮನೆಗಳ ಹಳೆಯ ರೂಢಿ. ಆಮೆಯ ಬಿರುಕಿಗೆ ಇವನ್ನು ತುಂಬಬಾರದು. ಪುಡಿ ಬಿರುಕಿನ ಆಳಕ್ಕಿಳಿದು ಗಟ್ಟಿಯಾಗಿ ಕುಳಿತರೆ ಅದನ್ನು ಹೊರತೆಗೆಯುವುದೇ ವೈದ್ಯರಿಗೆ ದೊಡ್ಡ ಕೆಲಸವಾಗುತ್ತದೆ. ಸುಣ್ಣ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡುಗಳು ಗಾಯದಲ್ಲಿರುವ ಜೀವಂತ ಅಂಗಾಂಶವನ್ನೇ ಸುಡುತ್ತವೆ.

ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ಅಂಟಿನಿಂದ. ಕ್ಷಣಮಾತ್ರದಲ್ಲಿ ಹಿಡಿಯುವ ಅಂಟು, ನಲ್ಲಿಯ ಸೋರಿಕೆಗೆ ಬಳಸುವ ಗಟ್ಟಿಮೆತ್ತೆ ಮುಂತಾದವು ಹೊರನೋಟಕ್ಕೆ ಬಿರುಕನ್ನು ಮುಚ್ಚುತ್ತವೆ. ಆದರೆ ಒಳಗೆ ನಡೆಯುವುದೇ ಬೇರೆ. ಅಂಟು ಬಿರುಕಿನೊಳಕ್ಕೆ ಜಿನುಗಿ ಮೂಳೆಯ ಎರಡು ಅಂಚುಗಳ ನಡುವೆ ಗೋಡೆಯಂತೆ ನಿಲ್ಲುತ್ತದೆ. ಅಂಚುಗಳು ಒಂದನ್ನೊಂದು ಮುಟ್ಟದೆ ಮೂಳೆ ಕೂಡಲಾರದು. ಕೆಲವು ಅಂಟುಗಳು ಗಟ್ಟಿಯಾಗುವಾಗ ಶಾಖವನ್ನು ಹೊರಹಾಕಿ ಅಂಗಾಂಶವನ್ನು ಬೇಯಿಸುತ್ತವೆ. ಎಲ್ಲಕ್ಕೂ ಮಿಗಿಲಾಗಿ, ಒಳಗೆ ಸೇರಿಕೊಂಡ ಕೊಳೆಯೂ ರೋಗಾಣುವೂ ಹೊರಬರಲು ದಾರಿಯಿಲ್ಲದೆ ಮುಚ್ಚಳದ ಕೆಳಗೆ ಕೀವಾಗುತ್ತದೆ. ಸರೀಸೃಪಗಳ ಕೀವು ನಮ್ಮದರಂತೆ ದ್ರವವಾಗಿ ಹರಿಯುವುದಿಲ್ಲ. ಗಟ್ಟಿ ಗಿಣ್ಣದಂತೆ ಹೆಪ್ಪುಗಟ್ಟಿ ಕೂರುತ್ತದೆ. ತಾನಾಗಿ ಹೊರಹೋಗುವ ಆಸೆ ಅದಕ್ಕಿಲ್ಲ.

ಮನುಷ್ಯರಿಗಾಗಿ ತಯಾರಿಸಿದ ನೋವಿನ ಮಾತ್ರೆಗಳನ್ನು ಪುಡಿಮಾಡಿ ಕೊಡುವುದೂ ಅಪಾಯಕರ. ನೂರಿನ್ನೂರು ಗ್ರಾಂ ತೂಕದ ಪ್ರಾಣಿಗೆ ಅದರ ಪ್ರಮಾಣವನ್ನು ಮನೆಯಲ್ಲಿ ಅಂದಾಜು ಮಾಡುವುದು ಆಗದ ಮಾತು.

ವೈದ್ಯರ ಚಿಕಿತ್ಸೆ

ನಾಯಿ, ಬೆಕ್ಕು, ದನಗಳನ್ನು ನೋಡುವ ವೈದ್ಯರೆಲ್ಲರಿಗೂ ಸರೀಸೃಪಗಳ ಅನುಭವವಿರುವುದಿಲ್ಲ. ಆದುದರಿಂದ ಆಮೆಯನ್ನು ಮನೆಗೆ ತಂದ ದಿನವೇ, ಅದರ ಚಿಕಿತ್ಸೆ ಬಲ್ಲ ವೈದ್ಯರು ತಮ್ಮ ನಗರದಲ್ಲಿ ಎಲ್ಲಿದ್ದಾರೆಂದು ವಿಚಾರಿಸಿಡುವುದು ಜಾಣತನ. ಮಹಾನಗರವಾಸಿಗಳಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಮುಂಬಯಿಯ ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. ಚೆನ್ನೈಯ ವೇಪೇರಿಯಲ್ಲಿ 1903ರಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯ ಕಾಲೇಜಿದೆ. ಇಂಥ ಸಂಸ್ಥೆಗಳಲ್ಲಿ ವಿಚಾರಿಸಿದರೆ ಸರಿಯಾದ ವೈದ್ಯರ ದಾರಿ ತಿಳಿಯುತ್ತದೆ.

ವೈದ್ಯರು ಬಿರುಕನ್ನು ಒಡನೆಯೇ ಜೋಡಿಸಲು ತೊಡಗದಿದ್ದರೆ ಮನೆಯವರು ಬೇಸರಪಡಬಾರದು. ಮೊದಲು ಪ್ರಾಣಿಯನ್ನು ಆಘಾತದಿಂದ ಪಾರುಮಾಡಬೇಕು: ದೇಹಕ್ಕೆ ದ್ರವ, ಹಿತವಾದ ಶಾಖ, ನೋವು ಶಮನ, ಸೋಂಕು ತಡೆಯುವ ಔಷಧ. ಕ್ಷ-ಕಿರಣ ಚಿತ್ರದಿಂದ ಮುರಿತದ ಆಳ, ಶ್ವಾಸಕೋಶ ಮತ್ತು ಬೆನ್ನೆಲುಬಿನ ಸ್ಥಿತಿ ತಿಳಿಯುತ್ತವೆ. ಚುಚ್ಚುಮದ್ದನ್ನು ಸಾಮಾನ್ಯವಾಗಿ ದೇಹದ ಮುಂಭಾಗಕ್ಕೆ ಕೊಡುವ ಪದ್ಧತಿಯಿದೆ. ಆಮೆಯ ಹಿಂಗಾಲುಗಳ ರಕ್ತ ಮೂತ್ರಪಿಂಡದ ದಾರಿಯಾಗಿ ಹೋಗಬಹುದಾದುದು ಇದಕ್ಕೆ ಕಾರಣ. ನಿಧಾನಗತಿಯ ಈ ದೇಹದಲ್ಲಿ ಔಷಧವೂ ಬಹುಕಾಲ ಉಳಿಯುವುದರಿಂದ ಕೆಲವು ಔಷಧಗಳನ್ನು ಎರಡು ಮೂರು ದಿನಗಳಿಗೊಮ್ಮೆ ಮಾತ್ರ ಕೊಡುತ್ತಾರೆ. ‘ದಿನವೂ ಸೂಜಿ ಹಾಕಲಿಲ್ಲ’ ಎಂದು ವೈದ್ಯರನ್ನು ದೂರುವಂತಿಲ್ಲ.

ಮುರಿತವನ್ನು ಜೋಡಿಸುವ ವಿಧಾನದಲ್ಲಿ ಕಳೆದ ಕೆಲವು ದಶಕಗಳಲ್ಲಿ ದೊಡ್ಡ ಬದಲಾವಣೆ ಬಂದಿದೆ. ಹಿಂದೆ ಗಾಜಿನೆಳೆಯ ಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ಅದ್ದಿ ಬಿರುಕಿನ ಮೇಲೆ ಪೂರ್ತಿಯಾಗಿ ಹೊದಿಸುತ್ತಿದ್ದರು. ದೋಣಿಯ ತೂತು ಮುಚ್ಚಿದಂತೆ ಅದು ಭದ್ರವಾಗಿ ಕಾಣುತ್ತಿತ್ತು. ಕ್ರಮೇಣ, ಅದರ ಕೆಳಗೆ ಸೋಂಕು ಬೆಳೆಯುವುದೂ ಎಳೆಯ ಆಮೆಗಳಲ್ಲಿ ಚಿಪ್ಪಿನ ಬೆಳವಣಿಗೆಗೆ ಅಡ್ಡಿಯಾಗುವುದೂ ಅನುಭವಕ್ಕೆ ಬಂದವು. ಇಂದು ಬಿರುಕನ್ನು ಮುಚ್ಚದೆ, ಅದರ ಎರಡು ದಂಡೆಗಳನ್ನು ಒಂದಕ್ಕೊಂದು ಎಳೆದು ನಿಲ್ಲಿಸುವುದೇ ಮುಖ್ಯವೆಂದು ತಿಳಿಯಲಾಗಿದೆ. ಬಿರುಕಿನ ಎರಡೂ ಬದಿಗೆ, ಗಾಯದಿಂದ ದೂರದಲ್ಲಿ, ಸಣ್ಣ ತಿರುಪುಗಳನ್ನೋ ಕೊಂಡಿಗಳನ್ನೋ ನಿಲ್ಲಿಸಿ ಅವುಗಳ ನಡುವೆ ತಂತಿ ಬಿಗಿಯುತ್ತಾರೆ. ವಿದ್ಯುತ್ ತಂತಿಗಳನ್ನು ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳನ್ನು ಬಳಸುವುದೂ ಉಂಟು. ಅಮೆರಿಕದಲ್ಲಿ ಗಾಯಗೊಂಡ ಆಮೆಗಳನ್ನು ರಕ್ಷಿಸುವವರು 2019ರಲ್ಲಿ ಹೆಂಗಸರ ಹಳೆಯ ಒಳಉಡುಪುಗಳ ಕೊಕ್ಕೆಗಳನ್ನು ದಾನವಾಗಿ ಬೇಡಿ, ಅವನ್ನು ಚಿಪ್ಪಿಗೆ ಅಂಟಿಸಿ ತಂತಿ ಬಿಗಿಯಲು ಬಳಸಿದ್ದು ಸುದ್ದಿಯಾಗಿತ್ತು. ಇಲ್ಲಿ ಅಂಟು ಹಾಕುವುದು ಕೊಕ್ಕೆಗೆ ಮಾತ್ರ, ಬಿರುಕಿಗಲ್ಲ. ಅಂಟು ಎಂಬ ಒಂದೇ ವಸ್ತು ಅರಿತವರ ಕೈಯಲ್ಲಿ ಔಷಧವಾಗಿ, ಅರಿಯದವರ ಕೈಯಲ್ಲಿ ವಿಷವಾಗುವ ಬಗೆ ಇದು.

ಹಳೆಯದಾದ, ಕೊಳೆ ಸೇರಿದ ಬಿರುಕಾದರೆ ವೈದ್ಯರು ಅದನ್ನು ಜೋಡಿಸದೆ ತೆರೆದೇ ಬಿಟ್ಟು, ದಿನವೂ ಶುಚಿಗೊಳಿಸಿ ಪಟ್ಟಿ ಬದಲಾಯಿಸುವಂತೆ ಹೇಳಬಹುದು. ಸೋಂಕು ತೀರಿದ ಬಳಿಕವೇ ಮುಂದಿನ ಕೆಲಸ.

ಮನೆಯ ಆರೈಕೆ

ಮನುಷ್ಯನ ಕೈಮೂಳೆ ಮುರಿದರೆ ಆರೆಂಟು ವಾರಗಳಲ್ಲಿ ಕೂಡುತ್ತದೆ. ಆಮೆಯ ಚಿಪ್ಪಿಗೆ ಅಷ್ಟು ಸಾಲದು. ಸಣ್ಣ ಬಿರುಕಿಗೆ ಕೆಲವು ತಿಂಗಳು, ದೊಡ್ಡ ಮುರಿತಕ್ಕೆ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಬೇಕಾಗಬಹುದು. ಈ ದೀರ್ಘಕಾಲದ ಆರೈಕೆ ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಆಮೆಯ ಅಳಿವು ಉಳಿವು ಬಹುಮಟ್ಟಿಗೆ ಮನೆಯವರ ತಾಳ್ಮೆಯನ್ನು ಅವಲಂಬಿಸಿದೆ.

ಗಾಯ ಭದ್ರವಾಗಿ ಮುಚ್ಚಿಕೊಳ್ಳುವವರೆಗೆ ನೀರಿನ ಆಮೆಯನ್ನೂ ಒಣ ಸ್ಥಳದಲ್ಲಿಯೇ ಇಡಬೇಕು. ಆದರೆ ನೀರಿನ ಆಮೆಗೆ ನೀರಿನಲ್ಲಿಲ್ಲದೆ ಆಹಾರ ನುಂಗಲು ಬಾರದು. ಆದುದರಿಂದ ವೈದ್ಯರ ಒಪ್ಪಿಗೆ ದೊರೆತ ಮೇಲೆ ಒಂದು ಶುಭ್ರವಾದ ಬೋಗುಣಿಯಲ್ಲಿ, ಬಿರುಕಿನ ಮಟ್ಟಕ್ಕೆ ಏರದಷ್ಟು ಉಗುರುಬೆಚ್ಚಗಿನ ನೀರು ಹಾಕಿ, ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಬಿಟ್ಟು, ಆಹಾರ ಕೊಟ್ಟು, ಮೈ ಒರಸಿ ಮತ್ತೆ ಒಣಜಾಗಕ್ಕೆ ಸೇರಿಸಬೇಕು. ಬೋಗುಣಿಯ ನೀರನ್ನು ಪ್ರತಿ ಸಲವೂ ಚೆಲ್ಲಬೇಕು.

ಮೂಳೆ ಕೂಡಲು ಸುಣ್ಣಾಂಶ ಬೇಕು. ಆ ಸುಣ್ಣಾಂಶವನ್ನು ದೇಹ ಹೀರಿಕೊಳ್ಳಲು ಜೀವಸತ್ತ್ವ ‘ಡಿ’ ಬೇಕು. ಆಮೆಯ ಚರ್ಮದಲ್ಲಿ ಆ ಜೀವಸತ್ತ್ವ ಉಂಟಾಗಲು ಸೂರ್ಯನ ನೇರಳಾತೀತ ಕಿರಣ ಬೇಕು. ಫ್ಲ್ಯಾಟಿನ ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಬೆಚ್ಚಗಿದ್ದರೂ, ಬೇಕಾದ ಆ ಕಿರಣಗಳನ್ನು ಗಾಜು ತಡೆಯುತ್ತದೆ. ಎಷ್ಟೋ ಸಾಕು ಆಮೆಗಳ ಚಿಪ್ಪು ಮೊದಲೇ ಮೆತ್ತಗಾಗಿ, ಸಣ್ಣ ಪೆಟ್ಟಿಗೂ ಒಡೆಯುವುದಕ್ಕೆ ಇದೇ ಕಾರಣ. ಬೆಳಗಿನ ಎಳೆಬಿಸಿಲಿಗೆ ಗಾಜಿನ ಅಡ್ಡಿಯಿಲ್ಲದೆ, ಬೇಕಾದಾಗ ನೆರಳಿಗೆ ಸರಿಯುವ ಅವಕಾಶವಿರುವಂತೆ, ಕಣ್ಗಾವಲಿನಲ್ಲಿ ಇಡಬೇಕು. ಅದು ಸಾಧ್ಯವಾಗದಿದ್ದರೆ ಸರೀಸೃಪಗಳಿಗಾಗಿಯೇ ಇರುವ ನೇರಳಾತೀತ ದೀಪವನ್ನು ಬಳಸಬೇಕು.

ಅನ್ನ, ಬ್ರೆಡ್ಡು, ಬಿಸ್ಕತ್ತು, ಹಾಲು ಆಮೆಯ ಆಹಾರವಲ್ಲ. ಒಣಗಿಸಿದ ಸಿಗಡಿಯೊಂದನ್ನೇ ದಿನವೂ ಹಾಕುವುದೂ ತಪ್ಪು. ಆಮೆಗಾಗಿ ತಯಾರಾದ ಉಂಡೆ ಆಹಾರ, ಹಸಿರುಸೊಪ್ಪು, ಕುಂಬಳ, ಗಜ್ಜರಿ, ಮೂಳೆಸಹಿತವಾದ ಚಿಕ್ಕ ಮೀನು ಇವುಗಳ ಮಿಶ್ರಣ ಉತ್ತಮ. ಪಂಜರದ ಗಿಳಿಗಳಿಗೆ ಕೊಡುವ ಸಮುದ್ರದ ನೊರೆಯ ತುಂಡು ಸುಣ್ಣಾಂಶದ ಸುಲಭ ಮೂಲ.

ವಾರಕ್ಕೊಮ್ಮೆ ಆಮೆಯ ತೂಕವನ್ನು ನೋಡಿ ಬರೆದಿಡಬೇಕು. ತೂಕ ಇಳಿಯುತ್ತಿದ್ದರೆ, ಗಾಯದಿಂದ ದುರ್ವಾಸನೆ ಬಂದರೆ, ಹೊಟ್ಟೆಯ ಚಿಪ್ಪು ಕೆಂಪಾದರೆ, ಮೂಗಿನಲ್ಲಿ ಗುಳ್ಳೆ ಕಂಡರೆ, ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿ ಈಜಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೇಲಿನ ಬಿರುಕು ಮುಚ್ಚಿತೆಂದು ಕಟ್ಟಿದ ತಂತಿಗಳನ್ನು ಮನೆಯಲ್ಲಿ ಬಿಚ್ಚಬಾರದು.

ಮನೆಯವರ ಆರೋಗ್ಯ

ನೋಡಲು ಆರೋಗ್ಯವಾಗಿರುವ ಆಮೆಯ ಕರುಳಿನಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು. ಆಮೆಗೆ ಅದರಿಂದ ತೊಂದರೆಯಿಲ್ಲ. ಮನುಷ್ಯರಿಗೆ ಮಾತ್ರ ಜ್ವರ, ವಾಂತಿ, ಭೇದಿ ಉಂಟಾಗುತ್ತವೆ. ಐದು ವರ್ಷಕ್ಕೆ ಕಿರಿಯರಾದ ಮಕ್ಕಳಿಗೂ ವೃದ್ಧರಿಗೂ ಗರ್ಭಿಣಿಯರಿಗೂ ಅಪಾಯ ಹೆಚ್ಚು. ಮಕ್ಕಳಿಗೆ ಹೀಗೆ ಸೋಂಕು ತಗಲುವುದನ್ನು ಕಂಡೇ ಅಮೆರಿಕ ಸರ್ಕಾರ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಗಾಯದ ಆರೈಕೆಯಲ್ಲಿ ಆಮೆಯನ್ನು ಪದೇ ಪದೇ ಮುಟ್ಟಬೇಕಾಗುವುದರಿಂದ ಕೈಗವಸು ಧರಿಸಬೇಕು, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಬೇಕು. ಬೋಗುಣಿಯನ್ನೂ ತೊಟ್ಟಿಯನ್ನೂ ಅಡಿಗೆಮನೆಯ ತೊಟ್ಟಿಯಲ್ಲಿ ಎಂದಿಗೂ ತೊಳೆಯಕೂಡದು.

ಕಾನೂನಿನ ಎಚ್ಚರ

ಅಂಗಡಿಗಳಲ್ಲಿ ನಾಣ್ಯದಷ್ಟು ಚಿಕ್ಕದಾಗಿ ದೊರೆಯುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆಮೆ ಅಮೆರಿಕದ ಮಿಸಿಸಿಪಿ ನದೀಪ್ರದೇಶದ್ದು. ಅದು ಬೆಳೆದರೆ ಊಟದ ತಟ್ಟೆಯಷ್ಟಾಗುತ್ತದೆ, ಹಲವು ದಶಕ ಬದುಕುತ್ತದೆ. ಕರ್ನಾಟಕ, ಆಂಧ್ರ, ತಮಿಳುನಾಡುಗಳ ಒಣ ಕುರುಚಲು ಕಾಡಿನ ನಕ್ಷತ್ರ ಆಮೆಯ ವಿಷಯ ಬೇರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧವಾಯಿತು. ಊರಿಗೆ ಹೋದವರು ಹೊಲದ ಬದುವಿನಲ್ಲಿ ಸಿಕ್ಕಿತೆಂದು ಅದನ್ನು ಚೀಲದಲ್ಲಿಟ್ಟುಕೊಂಡು ನಗರಕ್ಕೆ ತರುವುದು ಅಪರಾಧ. ಇಂಥ ಆಮೆ ಗಾಯಗೊಂಡು ಕಣ್ಣಿಗೆ ಬಿದ್ದರೆ ಮನೆಯಲ್ಲಿಟ್ಟು ಉಪಚರಿಸದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಭಯದಿಂದ ಮುಚ್ಚಿಟ್ಟರೆ ಪ್ರಾಣಿಗೆ ಎರಡು ಬಗೆಯ ಅನ್ಯಾಯ ಮಾಡಿದಂತೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿರುವ ವಿದೇಶೀ ಪ್ರಾಣಿಗಳಿಗೆ 2022ರ ತಿದ್ದುಪಡಿಯಂತೆ ನೋಂದಣಿ ಬೇಕು. ಆಮೆಯನ್ನು ಕೊಳ್ಳುವ ಮೊದಲೇ ಇದನ್ನು ವಿಚಾರಿಸಬೇಕು.

ಆರೈಕೆಗೆ ಬೇಸತ್ತು ವಿದೇಶೀ ಆಮೆಯನ್ನು ಕೆರೆಗೋ ದೇವಸ್ಥಾನದ ಪುಷ್ಕರಿಣಿಗೋ ಬಿಡುವುದು ಪುಣ್ಯಕಾರ್ಯವಲ್ಲ. ಅದು ಸ್ಥಳೀಯ ಆಮೆಗಳ ಆಹಾರವನ್ನೂ ನೆಲೆಯನ್ನೂ ಕಬಳಿಸುತ್ತದೆ. ಒಡೆದ ಚಿಪ್ಪಿನೊಡನೆ ಬಿಟ್ಟ ಆಮೆಯಾದರೆ ಸಾಯುತ್ತದೆ.

ಮುನ್ನೆಚ್ಚರಿಕೆ

ತೊಟ್ಟಿಯನ್ನು ಶುಚಿಮಾಡುವಾಗ ಆಮೆಯನ್ನು ಮೇಜಿನ ಮೇಲಾಗಲಿ ಕಟ್ಟೆಯ ಮೇಲಾಗಲಿ ಇಡದೆ ನೆಲದ ಮೇಲಿನ ಬಕೆಟ್ಟಿನಲ್ಲಿಡಬೇಕು. ಮಕ್ಕಳು ನೆಲದ ಮೇಲೆ ಕುಳಿತೇ ಆಮೆಯನ್ನು ಹಿಡಿಯುವಂತೆ ಅಭ್ಯಾಸ ಮಾಡಿಸಬೇಕು. ಆಮೆ ಇದ್ದಕ್ಕಿದ್ದಂತೆ ಕಾಲು ಝಾಡಿಸಿದಾಗ ಬೆಚ್ಚಿ ಕೈಬಿಡುವುದು ಮಕ್ಕಳಿಗೆ ಸಹಜ. ತೊಟ್ಟಿಗೆ ಗಾಳಿಯಾಡುವ ಮುಚ್ಚಳವಿರಬೇಕು. ಬಾಲ್ಕನಿಯಲ್ಲಿ ಬಿಸಿಲಿಗಿಡುವಾಗ ಕಂಬಿಗಳ ಕೆಳಗಿನ ಸಂದಿಗೆ ಹಲಗೆ ಅಡ್ಡವಿಡಬೇಕು. ನಿಧಾನಗತಿಗೆ ಗಾದೆಯಾಗಿರುವ ಈ ಪ್ರಾಣಿ ಮನೆಯವರ ಕಣ್ಣು ತಪ್ಪಿಸುವುದರಲ್ಲಿ ಅಷ್ಟೇನೂ ನಿಧಾನವಲ್ಲ.

ಅವಘಡ ನಡೆದೇಹೋದರೆ ಮಗುವನ್ನು ಗದರಿಸುವುದರಿಂದ ಬಿರುಕು ಕೂಡುವುದಿಲ್ಲ. ಪಟ್ಟಿ ಬದಲಾಯಿಸುವ ಹೊತ್ತನ್ನು ನೆನಪಿಸುವುದು, ತೂಕವನ್ನು ಬರೆದಿಡುವುದು, ಸೊಪ್ಪು ಹೆಚ್ಚಿ ಕೊಡುವುದು ಮೊದಲಾದ ಕೆಲಸಗಳನ್ನು ಬೆಳೆದ ಮಕ್ಕಳಿಗೆ ವಹಿಸಬಹುದು. ಅವರು ತಿಂಗಳುಗಟ್ಟಲೆ ಒಂದು ಮೂಕಪ್ರಾಣಿಯ ಹೊಣೆ ಹೊರುವುದನ್ನು ಕಲಿಯುತ್ತಾರೆ. ಒಣಗಿಸಿ, ಬೆಚ್ಚಗಿಟ್ಟು, ಗಾಯವನ್ನು ಕೆದಕದೆ, ಬೇಗನೆ ವೈದ್ಯರ ಬಳಿಗೆ ಒಯ್ಯುವುದು ಮೊದಲ ದಿನದ ಕರ್ತವ್ಯ. ಅನಂತರದ್ದು ಕಾಯುವ ಕೆಲಸ. ಆಮೆಯ ಚಿಪ್ಪು ಆಮೆಯ ವೇಗದಲ್ಲಿಯೇ ಕೂಡುತ್ತದೆ. ಸಾಕಿದವರೂ ಅದರ ಹೆಜ್ಜೆಗೆ ಹೊಂದಿಕೊಳ್ಳಬೇಕು.